ಹತ್ತೊಂಬತ್ತು ಒಂದುಗಳ ಹೋಟೆಲು

ಜ್ಯೋತ್ಸ್ನಾ ಮದುವೆಯಾಗಿ ಪುಣೆಗೆ ಬಂದ ವರ್ಷವೇ ರಾಸ್ತಾ ಪೇಠಿನ ನವದುರ್ಗಾ ಹೋಟೆಲು ಪಾಲಾಯಿತು. ಅವಳ ಮಾವ ಮತ್ತು ಚಿಕ್ಕಮಾವ ಸೇರಿ ಅಡುಗೆಮನೆಯ ನಟ್ಟನಡುವೆ ಒಂದು ಗೋಡೆ ಎಬ್ಬಿಸಿದರು. ಇಡ್ಲಿ ಬೇಯಿಸುವ ಸ್ಟೀಮರು ಗೋಡೆಯ ಆಚೆ ಹೋಯಿತು, ಹಿಟ್ಟು ರುಬ್ಬುವ ಗ್ರೈಂಡರು ಈಚೆ ಉಳಿಯಿತು. ಆಚೆಯವರ ಹತ್ತಿರ ಬೇಯಿಸಲು ಹಿಟ್ಟಿಲ್ಲ, ಈಚೆಯವರ ಹತ್ತಿರ ಹಿಟ್ಟಿದ್ದೂ ಇಡ್ಲಿಯಿಲ್ಲ. ಮಾವನಿಗೊಬ್ಬ ತಂಗಿಯಿದ್ದಳು. ಮೂರನೆಯ ಪಾಲು ಅವಳದ್ದು. ಅವಳು ಇದ್ದ ಪಾತ್ರೆಗಳನ್ನೆಲ್ಲ ಟೆಂಪೋಗೆ ಹೇರಿಸಿಕೊಂಡು ಮುಂಬೈ ಪಕ್ಕದ ಠಾಣೆ ಊರಿಗೆ ಹೋದಳು. ಹೊಸ ಸೊಸೆ ಮೊದಲ ಆರು ತಿಂಗಳು ಸಾಂಬಾರನ್ನು ಪ್ಲಾಸ್ಟಿಕ್ ಬಕೆಟ್ಟಿನಿಂದ ಬಡಿಸಿದಳು.

ಕೊನೆಗೆ ಹೆಸರೊಂದು ಉಳಿದಿತ್ತು. ಅದನ್ನೂ ಬಿಡಲಿಲ್ಲ. ಚಿಕ್ಕಮಾವ ‘ನವ’ ತೆಗೆದುಕೊಂಡರು, ಮಾವ ‘ದುರ್ಗಾ’ ತೆಗೆದುಕೊಂಡರು. ಬೋರ್ಡನ್ನು ಗರಗಸದಲ್ಲಿ ಕೊಯ್ದಾಗ ನಡುವಿನ ಹೂವಿನ ಚಿತ್ರ ಯಾರದ್ದು ಎಂದು ಸಂಜೆಯವರೆಗೆ ಜಗಳವಾಯಿತು.

ಅಷ್ಟಾದ ಮೇಲೆ ಮಾವ ‘ದುರ್ಗಾ’ವನ್ನು ಎತ್ತಿಕೊಂಡು ಪುಣೆಯ ಹೊರವಲಯದ ವಾಕಡಕ್ಕೆ ಬಂದರು. ಸುತ್ತ ಕಂಪ್ಯೂಟರ್ ಹುಡುಗರು ತುಂಬಿಕೊಂಡರು, ಹೋಟೆಲು ಚೆನ್ನಾಗಿ ನಡೆಯಿತು. ಮಾವ ತೀರಿಕೊಂಡ ಮೇಲೆ ಹೋಟೆಲು ಅತ್ತೆ ಅಪ್ಪಿಯ ಹೆಸರಿಗೆ ಬಂತು. ಗಲ್ಲಾದ ಕುರ್ಚಿ ದೊಡ್ಡ ಮಗ ಮೋಹನದಾಸನಿಗೆ, ಅಂದರೆ ಜ್ಯೋತ್ಸ್ನಾಳ ಗಂಡನಿಗೆ ಬಂತು. ಚಿಕ್ಕವನು ಸುಖೇಶ್ ಬೆಳಗಿನಿಂದ ಸಂಜೆಯವರೆಗೆ ಟೇಬಲುಗಳ ನಡುವೆ ಓಡಾಡುತ್ತಿದ್ದ. ಮಗಳು ರಕ್ಷಿತ ಮುಂಬೈಯಲ್ಲಿದ್ದಳು. ಅಡುಗೆಮನೆ ಜ್ಯೋತ್ಸ್ನಾಳದ್ದು. ಬೇಕಾದ ವಸ್ತು ಬೇಕಾದ ಜಾಗದಲ್ಲಿ, ಕಣ್ಣುಮುಚ್ಚಿ ಕೈ ಚಾಚಿದರೆ ಸಿಗುವಂತೆ ಅವಳು ಅದನ್ನು ವರ್ಷಗಟ್ಟಲೆ ಜೋಡಿಸಿದ್ದಳು. ಬದುಕಿನಲ್ಲಿ ಅವಳಿಗೆ ಇನ್ನೊಂದು ಗೋಡೆ ನೋಡುವ ಆಸೆ ಇರಲಿಲ್ಲ.

ಆದರೆ ಹೋಟೆಲಿದ್ದ ಹಳೆಯ ಕಟ್ಟಡವನ್ನು ಕೆಡವಿ ಎತ್ತರಿಸುವುದೆಂದಾಯಿತು. ಎದುರು ರಸ್ತೆಯಲ್ಲಿ ಹೊಸ ಜಾಗ ಸಿಕ್ಕಿತು. ಜಾಗ ವಿಶಾಲವಾಗಿತ್ತು, ಗಾಳಿ ಬೆಳಕಿತ್ತು. ಒಂದೇ ತೊಂದರೆಯೆಂದರೆ ಅದಕ್ಕೆ ಎರಡು ಶಟರ್ ಇದ್ದವು. ಎರಡು ಶಟರ್ ನೋಡಿದ ದಿನವೇ ಸುಖೇಶನ ಕಣ್ಣು ಅಳತೆ ತೆಗೆದುಕೊಂಡಿತು. ವಾರ ಕಳೆಯುವುದರೊಳಗೆ ಒಂದು ಟೆಂಪೋ ಇಟ್ಟಿಗೆ ತರಿಸಿ, ಒಳಗೆ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟ. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಜ್ಯೋತ್ಸ್ನಾ ಒಬ್ಬಳೇ ಹೋಗಿ ಮಾತಾಡಿಸಿದಳು. ನಿನಗೆ ಏನು ಕಡಿಮೆಯಾಗಿದೆ ಎಂದು ಕೇಳಿದಳು.

“ಅತ್ತಿಗೆ, ಮೂರು ಜನ ಮಕ್ಕಳು, ಮೂರು ಪಾಲು. ರಕ್ಷಿತಳ ಪಾಲು ಅವಳಿಗೆ ಕೊಡುವ, ನನ್ನದು ನನಗೆ ಕೊಡಿ,” ಎಂದ ಸುಖೇಶ್. “ನನಗೂ ವಯಸ್ಸಾಯ್ತು. ಗಲ್ಲಾದಲ್ಲಿ ಕೂತು ಯಾರಿಗಾದ್ರೂ ‘ಏನು ಬೇಕು’ ಅಂತ ಕೇಳ್ಲಿಕ್ಕೆ ನನಗೂ ಆಸೆ ಉಂಟು.”

ಅವಳಿಗೆ ಅಲ್ಲೇ ರೋಗ ತಿಳಿಯಿತು. ಮೋಹನದಾಸ್ ಊಟಕ್ಕೆ ಎದ್ದಾಗ ಮಾತ್ರ ಸುಖೇಶ್ ಆ ಕುರ್ಚಿಯಲ್ಲಿ ಕೂರುತ್ತಿದ್ದ. ಊಟ ಮುಗಿಸಿ ಬಂದ ಅಣ್ಣ ಏನೂ ಹೇಳುತ್ತಿರಲಿಲ್ಲ. ಹಿಂದೆ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದ. ತಮ್ಮ ಏಳುವವರೆಗೆ ಆಡಿಸುತ್ತಿದ್ದ. ಹೀಗೆ ಎಷ್ಟೋ ವರ್ಷ ನಡೆದಿತ್ತು. ಸುಖೇಶನಿಗೆ ಬೇಕಾದದ್ದು ಗೋಡೆಯಲ್ಲ, ಕುರ್ಚಿ. ಆದರೆ ಇದನ್ನು ಗಂಡನಿಗೆ ಹೇಳಿದರೆ ಅವನು ಕೂಡಲೇ ಪೀಠೋಪಕರಣದ ಅಂಗಡಿಗೆ ಹೋಗಿ ತಮ್ಮನಿಗೊಂದು ಹೊಸ ಕುರ್ಚಿ ಕೊಂಡು ತರುವ ಪೈಕಿಯವನು.

ಮೋಹನದಾಸನ ತಲೆಯಲ್ಲಿ ಬೇರೆಯೇ ಯೋಚನೆ ಕೂತಿತ್ತು. ಅವನ ಪ್ರಕಾರ ತಪ್ಪೆಲ್ಲ ಹೆಸರಿನದು. ನವದುರ್ಗಾ ಎಂಬುದು ಒಡೆಯಬಹುದಾದ ಹೆಸರು, ಅದಕ್ಕೇ ಒಡೆಯಿತು. ಈಗ ಉಳಿದದ್ದೂ ಗಟ್ಟಿಯಲ್ಲ. ಮತ್ತೆ ಪಾಲಾದರೆ ತಮ್ಮನಿಗೆ ‘ದುರ್’ ಹೋಗಿ ತನಗೆ ‘ಗಾ’ ಉಳಿಯುತ್ತದೆ, ‘ಗಾ’ ಎಂಬ ಹೋಟೆಲಿಗೆ ಯಾರು ಬರುತ್ತಾರೆ ಎಂದು ಅವನು ನಿಜಕ್ಕೂ ಚಿಂತೆ ಮಾಡಿದ. ಒಡೆಯಲಾಗದ ಹೆಸರು ಬೇಕು ಎಂದು ಬಂದ ಗಿರಾಕಿಗಳನ್ನೆಲ್ಲ ಕೇಳತೊಡಗಿದ.

ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಪುನೀತ ಎಂಬ ಹುಡುಗನಿಗೂ ಆ ಪ್ರಶ್ನೆ ಬಂತು. ಮಂಡ್ಯದ ಕಡೆಯವನು, ಹಿಂಜವಡಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಅವನು ದೋಸೆ ಮುರಿಯುತ್ತ, ತಲೆ ಕೂಡ ಎತ್ತದೆ ಹೇಳಿದ.

“ಅಂಕಲ್, ಹೆಸರು ಯಾವ್ದಿದ್ರೂ ಒಡೀಬೋದು. ಒಡೆಯೋಕೆ ಆಗ್ದೇ ಇರೋದು ಅಂದ್ರೆ ಪ್ರೈಮ್ ನಂಬರ್ ಮಾತ್ರ. ಅವಿಭಾಜ್ಯ ಸಂಖ್ಯೆ. ಯಾವ್ದ್ರಿಂದ ಭಾಗ್ಸಿದ್ರೂ ಸಮ ಪಾಲಾಗಲ್ಲ.”

ಸುಮ್ಮನೆ ಆಡಿದ ಮಾತು. ಆದರೆ ಮೋಹನದಾಸ್ ಎದ್ದು ಬಂದು ಅವನ ಎದುರು ಕೂತ. ಅವನು ತಾನಾಗಿ ಆ ಕುರ್ಚಿ ಬಿಟ್ಟು ಎದ್ದದ್ದನ್ನು ಜ್ಯೋತ್ಸ್ನಾ ನೋಡಿದ್ದು ಅಪರೂಪ. ದೊಡ್ಡ ಅವಿಭಾಜ್ಯ ಸಂಖ್ಯೆಯೊಂದನ್ನು ಹೋಟೆಲಿಗೆ ಹೆಸರಾಗಿ ಇಟ್ಟುಬಿಟ್ಟರೆ ಯಾವ ತಮ್ಮನೂ ಯಾವ ವಕೀಲನೂ ಪಾಲು ಮಾಡಲಾರ ಎಂದು ಅವನು ಅಲ್ಲೇ ತೀರ್ಮಾನಿಸಿದ. ಆಶ್ಚರ್ಯವೆಂದರೆ ಸುಖೇಶನೂ ಅದನ್ನು ನಂಬಿದ. ಅಂಥ ಹೆಸರಿಟ್ಟರೆ ತನ್ನ ಪಾಲು ಹೋಯಿತು ಎಂದು ಅವನು ಆ ರಾತ್ರಿ ಊಟ ಬಿಟ್ಟ. ಒಂದೇ ತಾಯಿಯ ಮಕ್ಕಳು, ಜಗಳವಾಡುವಾಗಲೂ ಒಂದೇ ತಪ್ಪನ್ನು ಜೊತೆಗೂಡಿ ಮಾಡುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ಏನೋ ಒಂದಾಗುತ್ತಿತ್ತು. ನಡುವೆ ಒಂಬತ್ತು ಬಂತು.

ಮಾವನಿಗೆ ದೌಂಡದ ನಿಜಲಿಂಗಪ್ಪ ಎಂಬ ಸ್ನೇಹಿತರಿದ್ದರು. ರೈಲ್ವೆಯಲ್ಲಿ ಗೂಡ್ಸ್ ಡಬ್ಬಿಗಳ ನಂಬರು ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಆ ನಂಬರುಗಳ ಅಂಕಿಗಳನ್ನು ಕೂಡಿಸಿ ಕೂಡಿಸಿ ಅವರಿಗೊಂದು ಸತ್ಯ ಹೊಳೆದಿತ್ತು: ಕೂಡಿಸಿದರೆ ಒಂಬತ್ತು ಬರುವ ಡಬ್ಬಿ ಹಳಿ ತಪ್ಪುವುದಿಲ್ಲ. ಉಳಿದ ಡಬ್ಬಿಗಳು ತಪ್ಪಿದ್ದವೇ ಎಂದು ಜ್ಯೋತ್ಸ್ನಾ ಒಮ್ಮೆ ಕೇಳಿದ್ದಳು. “ಅವೂ ತಪ್ಪಲಿಲ್ಲ ತಂಗಿ,” ಎಂದಿದ್ದರು ನಿಜಲಿಂಗಪ್ಪ, “ಆದ್ರ ಅವು ತಪ್ಪಬಹುದಿತ್ತು.”

ಮಾವ ಆ ಮಾತನ್ನು ವೇದವಾಕ್ಯ ಮಾಡಿಕೊಂಡಿದ್ದರು. ಸ್ಕೂಟರಿನ ನಂಬರು ಕೂಡಿದರೆ ಒಂಬತ್ತು, ಫೋನಿನದು ಕೂಡಿದರೆ ಒಂಬತ್ತು. ಬರುವ ಮೊತ್ತ ಎರಡಂಕಿಯದಾದರೆ ಅದನ್ನೂ ಮತ್ತೆ ಕೂಡಿಸಿ ಒಂಬತ್ತಕ್ಕೆ ಇಳಿಸುವುದು. ಮಿನಿ ಇಡ್ಲಿ ಪ್ಲೇಟಿನಲ್ಲಿ ಒಂಬತ್ತೇ ಇಡ್ಲಿ. ಅವರು ಹೋದ ಮೇಲೆ ಅಪ್ಪಿ ಅದನ್ನು ಕಾಪಾಡಿಕೊಂಡು ಬಂದಿದ್ದಳು. ಹೋಟೆಲಿಗೆ ಸಂಖ್ಯೆಯ ಹೆಸರು ಎಂದು ಕೇಳಿದ ಕೂಡಲೇ ಅವಳು, ಇಡುವುದಾದರೆ ಇಡಿ, ಕೂಡಿದರೆ ಒಂಬತ್ತು ಬರಬೇಕು, ಇಲ್ಲದಿದ್ದರೆ ತಾನು ದೀಪ ಹಚ್ಚುವುದಿಲ್ಲ ಎಂದುಬಿಟ್ಟಳು. ಹೋಟೆಲು ಅವಳ ಹೆಸರಿನಲ್ಲಿತ್ತು. ಅವಳು ದೀಪ ಹಚ್ಚದೆ ಶಟರ್ ಮೇಲೇಳುವಂತಿರಲಿಲ್ಲ.

ಹೀಗಾಗಿ ಪುನೀತನಿಗೆ ಹೊಸ ಕೆಲಸ ಬಿತ್ತು. ದೊಡ್ಡ ಸಂಖ್ಯೆಯಾಗಬೇಕು, ಅವಿಭಾಜ್ಯವಾಗಬೇಕು, ಅಂಕಿ ಕೂಡಿದರೆ ಒಂಬತ್ತು ಬರಬೇಕು. ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಅವನು ಮೊದಲ ದಿನವೇ ಹೇಳಿದ. ಕೂಡಿದರೆ ಒಂಬತ್ತು ಬರುವ ಸಂಖ್ಯೆ ಯಾವುದೇ ಇರಲಿ, ಒಂಬತ್ತರಿಂದ ಭಾಗವಾಗುತ್ತದೆ, ಮೂರರಿಂದಲೂ ಆಗುತ್ತದೆ ಎಂದು ಬಿಡಿಸಿ ಹೇಳಿದ. ಮೋಹನದಾಸ್ ಕನಿಕರದಿಂದ ನಕ್ಕ.

“ನೀನು ಸಣ್ಣ ಸಂಖ್ಯೆಗಳಲ್ಲಿ ಹುಡುಕಿದ್ದು ಮಾರಾಯ. ವಾಕಡದಲ್ಲಿ ಒಳ್ಳೆಯ ಬ್ಯಾಡಗಿ ಮೆಣಸು ಸಿಗ್ಲಿಲ್ಲ ಅಂತ ಅದು ಲೋಕದಲ್ಲೇ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಮಾರ್ಕೆಟ್ ಯಾರ್ಡಿಗೆ ಹೋಗ್ಬೇಕು. ದೊಡ್ಡದರಲ್ಲಿ ನೋಡು.”

“ಅಂಕಲ್, ಎಷ್ಟ್ ದೊಡ್ಡದ್ರಲ್ಲಿ ನೋಡಿದ್ರೂ ಸಿಗಲ್ಲ.”

“ನೋಡಿದೆಯಾ?”

“ಇಲ್ಲ.”

“ಮತ್ತೆ?”

ಪುನೀತ ಒಳ್ಳೆಯ ಹುಡುಗ. ತಿಂಡಿಯ ಋಣವೂ ಇತ್ತು. ಅವನು ಹತ್ತಂಕಿಯ ಸಂಖ್ಯೆಗಳಲ್ಲಿ ಹುಡುಕಿದ, ಹದಿನೈದಂಕಿಯವುಗಳಲ್ಲಿ ಹುಡುಕಿದ. ಬೆಳಿಗ್ಗೆ ಬಂದು ಸಿಗಲಿಲ್ಲ ಎನ್ನುತ್ತಿದ್ದ. ಮೋಹನದಾಸ್, ಸೀಸನ್ ಇಲ್ಲವೋ ಏನೋ, ಇನ್ನೂ ಮುಂದೆ ಹೋಗು ಎನ್ನುತ್ತಿದ್ದ.

ಜ್ಯೋತ್ಸ್ನಾಗೆ ಹುಡುಗನ ಮುಖ ನೋಡಲಾಗಲಿಲ್ಲ. ಒಂದು ದಿನ ಅವನನ್ನು ಅಡುಗೆಮನೆಗೆ ಕರೆದು, ನೀನು ಹೇಳುವುದು ನನಗೆ ಅರ್ಥವಾಗುವ ಹಾಗೆ ಹೇಳು ಎಂದಳು. ಅವನು ಸುತ್ತ ನೋಡಿ, ಮಿನಿ ಇಡ್ಲಿಯ ತಟ್ಟೆಗಳನ್ನು ಎಳೆದುಕೊಂಡ.

“ಆಂಟಿ, ಹತ್ತು ಇಡ್ಲಿ ಇದ್ರೆ ಎಷ್ಟು ಪ್ಲೇಟ್ ಆಗುತ್ತೆ?”

ಒಂದು ಪ್ಲೇಟು, ಮೇಲೊಂದು ಇಡ್ಲಿ ಉಳಿಯುತ್ತದೆ ಎಂದಳು. ನೂರಿದ್ದರೆ? ಅವಳು ದಿನಾ ಮಾಡುವ ಲೆಕ್ಕವೇ. ಹನ್ನೊಂದು ಪ್ಲೇಟು, ಆಮೇಲೂ ಒಂದೇ ಉಳಿಯುತ್ತದೆ. ಸಾವಿರ ಇದ್ದರೂ ಒಂದೇ ಉಳಿಯುವುದು ಎಂದ ಪುನೀತ. ಅಂದರೆ ಮುನ್ನೂರು ಇಡ್ಲಿಗೆ ಮೂರು ಉಳಿಯುತ್ತದೆ, ನಲವತ್ತಕ್ಕೆ ನಾಲ್ಕು ಉಳಿಯುತ್ತದೆ, ಬಿಡಿ ಎರಡಕ್ಕೆ ಎರಡೇ. ಮುನ್ನೂರ ನಲವತ್ತೆರಡಕ್ಕೆ ಉಳಿದದ್ದನ್ನೆಲ್ಲ ಒಟ್ಟು ಸೇರಿಸಿದರೆ ಒಂಬತ್ತು.

“ಅದು ಇನ್ನೊಂದು ಪ್ಲೇಟಾಯ್ತು,” ಎಂದಳು ಜ್ಯೋತ್ಸ್ನಾ. “ಏನೂ ಉಳಿಯುವುದಿಲ್ಲ.”

“ಅಷ್ಟೇ ಆಂಟಿ. ಎಷ್ಟ್ ದೊಡ್ಡ ಸಂಖ್ಯೆ ಆದ್ರೂ ಅಷ್ಟೇ.”

ಅವಳು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಮಾವ ಜೀವನವಿಡೀ ಒಂಬತ್ತು ಒಂಬತ್ತು ಎಂದು ಸೇರಿಸಿದ್ದೆಲ್ಲ ಮೂರಕ್ಕೆ ಸರಿಯಾಗಿ ಪಾಲಾಗುವಂಥದ್ದೇ. ಪಾಲಾದದ್ದೂ ಮೂರೇ. ಉಳಿದದ್ದು ಏನೂ ಇಲ್ಲ, ಬಕೆಟ್ಟು ಮಾತ್ರ. ಸಂಖ್ಯೆಯಿಂದ ಗೋಡೆ ಏಳುತ್ತದೆ ಎಂದು ಅವಳು ಈಗಲೂ ನಂಬಲಿಲ್ಲ. ಆದರೆ ನಂಬುವವರ ಮನೆಯಲ್ಲಿ ಬಾಳುವೆ ಮಾಡುವವಳಿಗೆ ಆ ಸಂಖ್ಯೆ ಎತ್ತ ತಿರುಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಅವಳು ಪುನೀತನಿಗೆ ಇನ್ನೊಂದು ಕಾಫಿ ಕೊಟ್ಟು, ಒಂಬತ್ತನ್ನು ನನಗೆ ಬಿಡು, ನೀನು ನೆನಪಿಡಲು ಸುಲಭವಾದ ಒಂದು ಅವಿಭಾಜ್ಯ ಹುಡುಕಿ ಕೊಡು ಎಂದಳು.

ಅವನು ತಂದದ್ದು ಹತ್ತೊಂಬತ್ತು ಒಂದುಗಳು. ಸಾಲಾಗಿ ಬರೆದ ಒಂದು, ಒಂದು, ಒಂದು. ಬರೀ ಒಂದುಗಳಿಂದಾದ ಸಂಖ್ಯೆಗಳಲ್ಲಿ ಹನ್ನೊಂದು ಅವಿಭಾಜ್ಯ. ಅದಾದ ಮೇಲೆ ಈ ಹತ್ತೊಂಬತ್ತಂಕಿಯದ್ದೇ. ನಡುವೆ ಒಂದೂ ಇಲ್ಲ. ಇದು ಅವಿಭಾಜ್ಯ ಎಂದು ನೂರು ವರ್ಷದ ಹಿಂದೆಯೇ ಯಾರೋ ಕೂತು ಸಾಧಿಸಿ ತೋರಿಸಿದ್ದಾರಂತೆ, ಆಗ ಕಂಪ್ಯೂಟರೂ ಇರಲಿಲ್ಲ ಎಂದು ಪುನೀತ ಹೆಮ್ಮೆಯಿಂದ ಹೇಳಿದ. ಮೋಹನದಾಸನಿಗೆ ನೋಡಿದ ಕೂಡಲೇ ಹಿಡಿಸಿತು. ಕಬ್ಬಿಣದ ಸರಳು ನೆಟ್ಟ ಹಾಗಿದೆ, ಯಾರಿಗೂ ಬಗ್ಗುವಂಥದ್ದಲ್ಲ ಎಂದ. ಅಂದಿನಿಂದಲೇ ಫೋನು ಎತ್ತಿದಾಗ ಹೋಟೆಲಿನ ಹೊಸ ಹೆಸರನ್ನು ಪೂರ್ತಿ ಹೇಳಲು ಶುರುಮಾಡಿದ. ‘ಒಂದು ಒಂದು ಒಂದು’ ಎಂದು ಅರ್ಧ ದಾರಿ ಹೋಗುವಷ್ಟರಲ್ಲಿ ಪಾರ್ಸೆಲ್ಲಿಗೆ ಫೋನ್ ಮಾಡಿದವರು ಇಟ್ಟುಬಿಡುತ್ತಿದ್ದರು. ಅವನು ಹೆಸರು ಮುಗಿಸಿಯೇ ಇಡುತ್ತಿದ್ದ.

ಅಪ್ಪಿ ಒಪ್ಪಲಿಲ್ಲ. ದೌಂಡದಿಂದ ನಿಜಲಿಂಗಪ್ಪನವರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ಬೆರಳಿಟ್ಟು ಕೂಡಿಸಿದರು. ಹತ್ತೊಂಬತ್ತು. ಒಂದು ಮತ್ತು ಒಂಬತ್ತು ಹತ್ತು. ಹತ್ತು ಅಂದರೆ ಒಂದು. “ಒಂಬತ್ತು ಒಳಗ ಬಂದು ಇಣುಕಿ ಹೋಗೇದ ನೋಡ್ರಿ, ಕುಂತಿಲ್ಲ,” ಎಂದು ಅವರು ತಲೆಯಾಡಿಸಿದರು. ಅಪ್ಪಿ ಎದ್ದು ಒಳಗೆ ಹೋದಳು. ಮೋಹನದಾಸ್ ಈ ಹೆಸರು ಬಿಟ್ಟು ಬೇರೆ ಇಡುವುದಿಲ್ಲ ಎಂದ. ಸುಖೇಶ್, ಹಾಗಾದರೆ ಹೆಸರೂ ಬೇಡ ದೀಪವೂ ಬೇಡ, ಸೋಮವಾರ ಮೇಸ್ತ್ರಿ ಬಂದು ಗೋಡೆ ಎಬ್ಬಿಸುತ್ತಾನೆ, ಅವರವರ ಶಟರ್ ಅವರವರು ಎತ್ತಿಕೊಳ್ಳಲಿ ಎಂದ. ಅಂದು ಗುರುವಾರ. ಹೋಟೆಲು ತೆರೆಯುವ ಮುಹೂರ್ತ ಭಾನುವಾರ ಸಂಜೆಗಿತ್ತು.

ಜ್ಯೋತ್ಸ್ನಾ ಮರುದಿನ ಬೆಳಿಗ್ಗೆಯೇ ಬೋರ್ಡು ಮಾಡುವ ಅವಧೂತ ಎಂಬವನ ಹತ್ತಿರ ಹೋದಳು. ಅವನು ವಾಕಡದ ಚೌಕದಲ್ಲಿ ಲೈಟಿನ ಬೋರ್ಡು ಮಾಡಿಕೊಡುವ ಮರಾಠಿ ಮನುಷ್ಯ. ಅತ್ತಿಗೆ ಎನ್ನುವಂತೆ ವಹಿನೀ ಎಂದು ಕರೆದು, ಇದು ಹೋಟೆಲೋ ಬೇಲಿಯೋ ಎಂದು ಅವನು ಮರಾಠಿಯಲ್ಲಿ ಕೇಳಿದ. ಮೋಹನದಾಸ್ ಮೊದಲೇ ಹೇಳಿಹೋಗಿದ್ದರಿಂದ ಒಂದುಗಳನ್ನೆಲ್ಲ ನಾಗರಿ ಅಂಕಿಯಲ್ಲೇ, ಗುಂಡು ತಲೆಗೆ ಬಾಲವಿಟ್ಟು, ಕತ್ತರಿಸಿ ಇಟ್ಟಿದ್ದ. ಒಂದರ ಪಕ್ಕ ಒಂದು ನಿಲ್ಲಿಸಿದರೆ ಹತ್ತೊಂಬತ್ತು ಸೌಟು ತೂಗುಹಾಕಿದ ಹಾಗೆ ಕಾಣುತ್ತಿತ್ತು. ಅದು ಅವಳಿಗೆ ಇಷ್ಟವಾಯಿತು. ಅವಳು ಕೇಳಿದ್ದು ಒಂದೇ ಸಹಾಯ. ಕೊನೆಯ ಒಂದಕ್ಕೆ ಬೇರೆ ವಯರು ಎಳೆದು, ಅದರ ಸ್ವಿಚ್ಚನ್ನು ಗಲ್ಲಾದ ಕುರ್ಚಿಯ ಪಕ್ಕ, ಮೇಜಿನ ಕೆಳಗೆ ಕೂರಿಸಬೇಕು. ಯಾಕೆ ಎಂದು ಅವಧೂತ ಕೇಳಲಿಲ್ಲ. ಪುಣೆಯಲ್ಲಿ ಅವನು ಇದಕ್ಕಿಂತ ವಿಚಿತ್ರ ಬೋರ್ಡುಗಳನ್ನು ಮಾಡಿಕೊಟ್ಟಿದ್ದ.

ಆಮೇಲೆ ಮನೆಗೆ ಬಂದು ಅತ್ತೆಗೆ ಹೇಳಿದಳು, ಭಾನುವಾರ ಸಂಜೆ ನೀವು ಬಂದು ಬೋರ್ಡು ನೋಡಿ, ಕೂಡಿಸಿ, ಒಂಬತ್ತು ಬರದಿದ್ದರೆ ದೀಪ ಹಚ್ಚದೆ ವಾಪಸ್ ಬನ್ನಿ ಎಂದು. ಅಪ್ಪಿ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಲವತ್ತು ವರ್ಷ ಹೋಟೆಲಿನ ಅಡುಗೆಮನೆ ಕಂಡ ಹೆಂಗಸು. ಎದುರಿನವರು ಏನೋ ಬೇಯಿಸುತ್ತಿದ್ದಾರೆ ಎಂದು ವಾಸನೆಯಿಂದಲೇ ತಿಳಿಯುವವಳು. ಬರುತ್ತೇನೆ ಎಂದಳು.

ಭಾನುವಾರ ಸಂಜೆ ಎಲ್ಲರೂ ಹೊಸ ಹೋಟೆಲಿನ ಎದುರು ಫುಟ್‌ಪಾತಿನಲ್ಲಿ ನಿಂತಿದ್ದರು. ಒಳಗೆ ಹೋಗಿ ಬರಲು ಶಟರುಗಳನ್ನು ಆಳೆತ್ತರಕ್ಕೆ ಮಾತ್ರ ಎತ್ತಿಟ್ಟಿದ್ದರು. ರಕ್ಷಿತ ಮುಂಬೈಯಿಂದ ಬಂದಿದ್ದಳು. ನಿಜಲಿಂಗಪ್ಪ ಮಧ್ಯಾಹ್ನದ ರೈಲಿಗೇ ಬಂದು ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪುನೀತನೂ ಇದ್ದ. ಸುಖೇಶ್ ಮಾತ್ರ ಒಳಗೆ ಇಟ್ಟಿಗೆಯ ರಾಶಿಯ ಪಕ್ಕ, ಅದನ್ನು ಯಾರಾದರೂ ಕದಿಯುತ್ತಾರೋ ಎಂಬಂತೆ ನಿಂತಿದ್ದ. ಕತ್ತಲಾಗುವ ಮೊದಲೇ ಜ್ಯೋತ್ಸ್ನಾ ಬೋರ್ಡಿನ ಲೈಟು ಹಾಕಿದಳು. ಕೊನೆಯ ಒಂದು ಹತ್ತಲಿಲ್ಲ.

ನಿಜಲಿಂಗಪ್ಪ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಎದ್ದು ನಿಂತರು. “ಹದಿನೆಂಟ್ರೀ. ಒಂದು, ಎಂಟು, ಒಂಬತ್ತಾತು. ಕುಂತು ಬಿಟ್ಟದ ನೋಡ್ರಿ ಅಮ್ಮಾರ, ಭಾಳ ಛಲೋ ಕುಂತದ.” ಅಪ್ಪಿ ಕೈಮುಗಿದಳು. ಮೋಹನದಾಸ್ ಮಾತ್ರ ಬೆವರಿದ. ಹದಿನೆಂಟು ಒಂದುಗಳಾದರೆ ಏನಾಗುತ್ತದೆ ಎಂದು ಪುನೀತನನ್ನು ಮೆಲ್ಲಗೆ ಕೇಳಿದ. ಏನಾಗುತ್ತದೆ, ಮೂರರಿಂದ ಭಾಗವಾಗುತ್ತದೆ ಎಂದ ಪುನೀತ. ಒಂಬತ್ತರಿಂದ, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ, ಬೇಕಾದಷ್ಟರಿಂದ ಆಗುತ್ತದೆ ಎಂದೂ ಸೇರಿಸಿದ. ಅದನ್ನು ಕೇಳಿ ಸುಖೇಶ್ ಇಟ್ಟಿಗೆ ಬಿಟ್ಟು ಹೊರಗೆ ಬಂದ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗೆ ಕಾಣಿಸಿತು.

“ಮೂರಕ್ಕೆ ಸರಿಯಾಗಿ ಆಗ್ತದಲ್ಲ?” ಎಂದ.

“ಕರೆಕ್ಟಾಗಿ. ಏನೂ ಉಳಿಯಲ್ಲ.”

ಆಗ ಜ್ಯೋತ್ಸ್ನಾ ಬಾಯಿಬಿಟ್ಟಳು. ಅವಳು ಮಾತಾಡಿದ್ದು ಅತ್ತೆಯ ಹತ್ತಿರ, ಬೇರೆ ಯಾರ ಹತ್ತಿರವೂ ಅಲ್ಲ.

“ಅತ್ತೆ, ಇದು ಮಾವನ ಲೆಕ್ಕ. ಒಂಬತ್ತು ಬಂತು, ನೀವು ಹೇಳಿದ ಹಾಗೆ ಆಯ್ತು. ಆದ್ರೆ ಇದರಲ್ಲಿ ಮೂರು ಮಕ್ಕಳಿಗೆ ಮೂರು ಪಾಲು ಹೋದ್ರೆ ಉಳಿಯುವುದು ಸೊನ್ನೆ. ನಿಮಗೆ ಎಂತ ಉಂಟು?”

ಅಪ್ಪಿ ತಲೆಯೆತ್ತಿದಳು. ಬೋರ್ಡನ್ನು ನೋಡಿದಳು, ಮಕ್ಕಳನ್ನು ನೋಡಿದಳು. ರಾಸ್ತಾ ಪೇಠಿನ ಪಾಲಿನಲ್ಲಿ ತನ್ನ ಅತ್ತೆಗೆ ಏನು ಬಂದಿತ್ತು ಎಂಬುದು ಅವಳಿಗೆ ನೆನಪಿರಲೇಬೇಕು. ಆ ಮುದುಕಿ ಗೋಡೆಯ ಎರಡೂ ಬದಿಗೆ ಹೋಗಿ ಬಂದು ಊಟ ಮಾಡುತ್ತಿದ್ದಳು, ಅನ್ನ ಒಂದು ಕಡೆ, ಸಾರು ಇನ್ನೊಂದು ಕಡೆ.

ಜ್ಯೋತ್ಸ್ನಾ ಅತ್ತೆಯ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಗಲ್ಲಾದ ಕುರ್ಚಿಯಲ್ಲಿ ಕೂರಿಸಿದಳು. ಆ ಕುರ್ಚಿಯಲ್ಲಿ ಅಪ್ಪಿ ಕೂತದ್ದು ಅದೇ ಮೊದಲು. ಹೋಟೆಲು ಅವಳದ್ದಾಗಿ ಹತ್ತು ವರ್ಷವಾಗಿತ್ತು. ಮೇಜಿನ ಕೆಳಗಿನ ಸ್ವಿಚ್ಚಿನ ಮೇಲೆ ಅವಳ ಬೆರಳನ್ನು ಇಟ್ಟು, ಒತ್ತಿ ಎಂದಳು. ಹೊರಗೆ ಹತ್ತೊಂಬತ್ತನೆಯ ಒಂದು ಹತ್ತಿತು.

“ಆ ಹದಿನೆಂಟು ಮಾವನದ್ದು. ಈ ಒಂದು ನಿಮ್ಮದು. ಈಗ ಯಾರು ಬೇಕಾದ್ರೂ ಪಾಲು ಮಾಡ್ಲಿ.”

ಸುಖೇಶ್ ಬಿಡುವವನಲ್ಲ. ಮೂರಕ್ಕೆ ಭಾಗಿಸು ಎಂದ. ಪುನೀತ ಭಾಗಿಸಿದ, ಒಂದು ಉಳಿಯಿತು. ರಕ್ಷಿತ ತನಗೆ ಪಾಲು ಬೇಡ, ಎರಡೇ ಮಾಡಿ ಎಂದಳು. ಎರಡಕ್ಕೆ ಭಾಗಿಸಿದ, ಒಂದು ಉಳಿಯಿತು. ಚಿಕ್ಕಮಾವನ ಮಕ್ಕಳನ್ನೂ ಸೇರಿಸಿ ಐದು ಮಾಡಿ ಎಂದು ಯಾರೋ ಅಂದರು, ಒಂದು ಉಳಿಯಿತು. ಆರಕ್ಕೂ ಒಂದು, ಏಳಕ್ಕೂ ಒಂದು, ಒಂಬತ್ತಕ್ಕೂ ಒಂದು. ನಿಜಲಿಂಗಪ್ಪ ತಾವೂ ಬೆರಳು ಮಡಚುತ್ತ, ಇದೆಂಥ ಡಬ್ಬಿ ಮಾರಾಯರ, ಎಲ್ಲಿ ಜೋಡಿಸಿದ್ರೂ ಒಂದು ಹಿಂದ ಉಳೀತದ ಎಂದು ಬೆರಗಾದರು. ಕೊನೆಗೆ ಸುಖೇಶನಿಗೆ ಜಾಣ ಯೋಚನೆಯೊಂದು ಹೊಳೆಯಿತು. ಅಮ್ಮನಿಗೂ ಒಂದು ಪಾಲು ಕೊಟ್ಟುಬಿಡುವ, ನಾಲ್ಕು ಮಾಡು ಎಂದ.

ಪುನೀತ ಲೆಕ್ಕ ಮಾಡಿದ, ಇನ್ನೊಮ್ಮೆ ಮಾಡಿ ನೋಡಿದ.

“ನಾಲ್ಕಕ್ಕೆ ಮಾಡಿದ್ರೆ ಮೂರು ಉಳಿಯುತ್ತೆ.”

ಎಲ್ಲರೂ ಅಪ್ಪಿಯ ಕಡೆ ತಿರುಗಿದರು. ಅಪ್ಪಿ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಿದ್ದಳು. ಕುರ್ಚಿ ಅವಳಿಗೆ ಹಿಡಿಸಿದ ಹಾಗಿತ್ತು.

“ಸರಿಯಾಗಿಯೇ ಉಂಟು,” ಎಂದಳು. “ನನಗೆ ಪಾಲು ಕೊಟ್ಟು ಹೊರಗೆ ಕಳಿಸಿದ್ರೆ ಉಳಿಯುವುದು ನೀವು ಮೂರು ಜನ. ಅಬ್ಬೆ ಇಲ್ಲದ ಮಕ್ಕಳ ಹಾಗೆ ಈ ಫುಟ್‌ಪಾತಿನಲ್ಲಿ.”

ಮೋಹನದಾಸನಿಗೆ ಕಣ್ಣು ತುಂಬಿತು. ಅವನು ಲೆಕ್ಕ ಕೇಳಿ ಅಳುವುದನ್ನು ಜ್ಯೋತ್ಸ್ನಾ ನೋಡಿದ್ದು ಅದೇ ಮೊದಲು. ಸುಖೇಶನೂ ನೆಲ ನೋಡಿದ.

ಈಗ ಕೇಳಬೇಕಾದ ಮಾತು ಒಂದೇ ಉಳಿದಿತ್ತು. ಜ್ಯೋತ್ಸ್ನಾ ಅದನ್ನು ಒಲೆಯ ಉರಿ ಸಣ್ಣದು ಮಾಡಿದ ಹಾಗೆ ಮೆಲ್ಲಗೆ ಕೇಳಿದಳು.

“ಹಾಗಾದ್ರೆ ಆ ಉಳಿದ ಒಂದು ಅಂದ್ರೆ ಯಾವುದು ಅತ್ತೆ? ಹೋಟೆಲಿನಲ್ಲಿ ಎಂತದ್ದು ಅಂತ ತೋರಿಸ್ಬೇಕಲ್ಲ. ನಾಳೆ ಮೇಸ್ತ್ರಿ ಬಂದು ಕೇಳಿದ್ರೆ?”

ಅಪ್ಪಿ ಸೊಸೆಯ ಕಣ್ಣಿನಲ್ಲಿ ಕಣ್ಣಿಟ್ಟಳು. ಆಮೇಲೆ ಕುರ್ಚಿಯ ಕೈಯನ್ನು ತಟ್ಟಿದಳು.

“ಇದು. ಈ ಕುರ್ಚಿ ನನ್ನದು. ಯಾರ ಪಾಲಿಗೂ ಇಲ್ಲ. ಬೆಳಿಗ್ಗೆ ದೊಡ್ಡವ ಕೂತ್ಕೊಳ್ಳಲಿ, ಸಂಜೆ ನಾಲ್ಕು ಗಂಟೆಗೆ ಎದ್ದು ಸಣ್ಣವನಿಗೆ ಕೊಡ್ಲಿ. ಇದು ಇಲ್ಲಿಂದ ಅಲ್ಲಾಡ್ಲಿಕ್ಕೆ ಇಲ್ಲ. ಇದರ ಮೇಲೆ ಗೋಡೆ ಕಟ್ಟುವವರು ನನ್ನ ತಲೆ ಮೇಲೆ ಕಟ್ಟಿ.”

ಕುರ್ಚಿ ಇದ್ದದ್ದು ಎರಡು ಶಟರುಗಳ ನಡುವಿನ ಕಂಬದ ಎದುರು, ಹಾಲಿನ ನಟ್ಟನಡುವೆ. ಗೋಡೆ ಬರುವುದಾದರೆ ಅದರ ಮೇಲೆಯೇ ಬರಬೇಕಿತ್ತು. ಗಲ್ಲಾವನ್ನು ಅಲ್ಲಿ ಇಡಿಸಿದ್ದು ಜ್ಯೋತ್ಸ್ನಾ. ಗಾಳಿ ಬರುತ್ತದೆ ಎಂದು ಎಲ್ಲರಿಗೂ ಹೇಳಿದ್ದಳು.

ಸುಖೇಶ್ ಕುರ್ಚಿಯ ಸುತ್ತ ಒಮ್ಮೆ ಬಂದ. ಆಮೇಲೆ, ನಾಲ್ಕು ಗಂಟೆಯೆಂದರೆ ಸರಿಯಾಗಿ ನಾಲ್ಕು ಗಂಟೆಯೋ ಎಂದು ಕೇಳಿದ. ಸರಿಯಾಗಿ ಎಂದಳು ಅಪ್ಪಿ. ಅಣ್ಣ ಹಿಂದೆ ನಿಂತು ಹಲ್ಲುಕಡ್ಡಿ ಆಡಿಸಬಾರದು ಎಂದ. ಆಡಿಸುವುದಾದರೆ ಹೊರಗೆ ಹೋಗಿ ಆಡಿಸಲಿ ಎಂದಳು. ತಾನು ಯಾವಾಗ ಹಾಗೆ ಮಾಡಿದ್ದು ಎಂದು ಮೋಹನದಾಸ್ ನಿಜವಾದ ಆಶ್ಚರ್ಯದಿಂದ ಎಲ್ಲರನ್ನೂ ಕೇಳಿದ. ಅಪ್ಪಿ ದೀಪ ಹಚ್ಚಿದಳು. ಶಟರ್ ಎರಡೂ ಒಟ್ಟಿಗೆ ಪೂರ್ತಿ ಮೇಲೆದ್ದವು.

ಸೋಮವಾರ ಮೇಸ್ತ್ರಿ ಬಂದ. ಬಂದವನನ್ನು ಬರಿಗೈಲಿ ಕಳಿಸುವುದು ಬೇಡವೆಂದು ಜ್ಯೋತ್ಸ್ನಾ ಆ ಇಟ್ಟಿಗೆಗಳಿಂದ ಅಡುಗೆಮನೆಯಲ್ಲಿ ಗ್ರೈಂಡರಿಗೆ ಒಂದು ಕಟ್ಟೆ ಕಟ್ಟಿಸಿದಳು. ಅದರ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಂತೆ, ಸ್ಟೀಮರು ಇಟ್ಟಳು. ಎರಡೂ ಒಂದೇ ಬದಿಯಲ್ಲಿದ್ದದ್ದನ್ನು ನೋಡಿ ಅವಳಿಗೆ ಇದ್ದಕ್ಕಿದ್ದಂತೆ ಹಸಿವಾಯಿತು. ನಿಂತಲ್ಲೇ ಎರಡು ಇಡ್ಲಿ ತಿಂದಳು.

ಹೋಟೆಲಿನ ಹೆಸರು ಯಾರ ಬಾಯಲ್ಲೂ ಪೂರ್ತಿ ನಿಲ್ಲಲಿಲ್ಲ. ಮರಾಠಿಯವರು ಸೌಟಿನ ಹೋಟೆಲು ಎಂದರು, ಕಂಪ್ಯೂಟರ್ ಹುಡುಗರಲ್ಲಿ ಕೆಲವರು ಬೋರ್ಡಿನ ಕಡೆ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಲು ನೋಡಿದರು. ನಿಜಲಿಂಗಪ್ಪ ದೌಂಡದಿಂದ ಬಂದ ದಿನ ಕೊನೆಯ ಒಂದು ಆರಿರುತ್ತದೆ. ಅವರು ರಸ್ತೆಯ ಆಚೆಯಿಂದಲೇ ಎಣಿಸಿ, ಕುಂತದ ಎಂದು ಸಮಾಧಾನಪಟ್ಟು ಒಳಗೆ ಬಂದು ಮಿನಿ ಇಡ್ಲಿ ತಿನ್ನುತ್ತಾರೆ.

ಉಳಿದ ದಿನಗಳಲ್ಲಿ ಬೋರ್ಡು ಹಗಲೂ ಉರಿಯುತ್ತದೆ. ಕರೆಂಟು ದಂಡ ಎಂದು ಯಾರಾದರೂ ಹೇಳಿದರೆ ಮೋಹನದಾಸ್ ಕೇಳುವುದಿಲ್ಲ. ಅವನು ಕೂತಲ್ಲಿಂದ ಎದುರಿನ ಔಷಧಿ ಅಂಗಡಿಯ ಗಾಜಿನಲ್ಲಿ ಹತ್ತೊಂಬತ್ತೂ ಕಾಣಬೇಕು, ಒಂದು ಕಡಿಮೆಯಾದರೆ ಪಾಲಿನ ಭಯ. ಒಂದು ಸಂಜೆ ನಾಲ್ಕು ದಾಟಿತ್ತು. ಸುಖೇಶ್ ಕೂದಲು ಬಾಚಿಕೊಂಡು ಬಂದು ಕಂಬದ ಹತ್ತಿರ ನಿಂತಿದ್ದ. ಮೋಹನದಾಸ್ ಯಾವುದೋ ಗಿರಾಕಿಯ ಜೊತೆ ಮಾತಾಡುತ್ತ ಏಳುವ ಲಕ್ಷಣ ತೋರಿಸಲಿಲ್ಲ. ಜ್ಯೋತ್ಸ್ನಾ ಅಡುಗೆಮನೆಯಿಂದ ಬಂದು, ಮೇಜಿನ ಮೇಲಿನ ಸೋಂಪಿನ ಬಟ್ಟಲು ತುಂಬಿಸುವ ನೆವದಲ್ಲಿ ಬಗ್ಗಿ, ಕೆಳಗಿನ ಸ್ವಿಚ್ಚು ಆರಿಸಿದಳು. ಎದುರಿನ ಗಾಜಿನಲ್ಲಿ ಕೊನೆಯ ಸೌಟು ಮಾಯವಾಯಿತು.

ಮೋಹನದಾಸ್ ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದ. ತಮ್ಮನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬಾಗಿಲಿಗೆ ಹೋಗಿ ಬೋರ್ಡನ್ನು ನೋಡುತ್ತ ನಿಂತ. ಸುಖೇಶ್ ಸರಿಯಾಗಿ ಕೂತುಕೊಂಡ ಮೇಲೆ ಜ್ಯೋತ್ಸ್ನಾ ಸ್ವಿಚ್ಚು ಹಾಕಿದಳು.

“ಹತ್ತಿತು,” ಎಂದು ಬಾಗಿಲಿನಿಂದ ಮೋಹನದಾಸ್ ಹೇಳಿದ. ಸುಖೇಶ್ ಗಿರಾಕಿಯ ಕಡೆ ತಿರುಗಿ, ಏನು ಬೇಕು ಎಂದು ಕೇಳಿದ.